ಮೇಜಿಗೆಂದು ಇಟ್ಟ ಹಾಲು

ಅಜ್ಜಿಗೆ ಒಂದು ಮಾತು ಹೇಳಬೇಕಿತ್ತು. ಅದನ್ನು ಹೇಳುವ ಧೈರ್ಯ ಸಾಲದೆ ನಮ್ಮಪ್ಪ ಒಂದು ಮೇಜು ತಂದರು. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಒಂದೇ ಉಸಿರಿಗೆ ಹೇಳು ಎಂದು ಯಾರಾದರೂ ಕೇಳಿದರೆ ನಾನು ಇಷ್ಟೇ ಹೇಳುತ್ತೇನೆ. ಆ ಮಾತಾದರೂ ಎಷ್ಟು ದೊಡ್ಡದು? "ಅವ್ವಾ, ಇವಳೂ ನಮ್ಮ ಜೊತೆಗೇ ಕೂತು ಉಣ್ಣಲಿ." ಅಷ್ಟೇ. ಇವಳು ಎಂದರೆ ನಮ್ಮಮ್ಮ. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬೆಳಗಿನ ಜಾವದ ಮಂಜಿನಲ್ಲಿ ಆಳುಗಳ ಲೈನುಮನೆಗಳ ಮುಂದೆ ನಿಂತು ಒಬ್ಬೊಬ್ಬರ ಹೆಸರು ಕೂಗಿದರೆ ಅವರ ದನಿ ಆಚೆ ಗುಡ್ಡಕ್ಕೆ ಕೇಳುತ್ತಿತ್ತಂತೆ. ಮೇಸ್ತ್ರಿಗಳನ್ನು ಗದರಿಸುವವರು, ದೊರೆಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಅಂಥವರಿಗೆ ಹೆತ್ತ ತಾಯಿಯ ಎದುರು ಈ ಒಂದು ಮಾತು ಗಂಟಲು ದಾಟಿ ಬರುತ್ತಿರಲಿಲ್ಲ. ಅಪ್ಪನ ಮೇಲೆ ನನಗೆ ಪ್ರೀತಿ ಇತ್ತು, ಈಗಲೂ ಇದೆ. ಆದರೆ ಈ ವಿಷಯಕ್ಕೆ ಬಂದರೆ ಇಷ್ಟು ವಯಸ್ಸಾದ ಮೇಲೂ ಸಿಟ್ಟು ಬರುತ್ತದೆ.

ನಮ್ಮ ಮನೆ ಶನಿವಾರಸಂತೆಯಿಂದ ಗಾಡಿ ದಾರಿಯಲ್ಲಿ ಸ್ವಲ್ಪ ಒಳಕ್ಕಿತ್ತು. ಆಗ ಕೊಡಗು ತನ್ನ ಪಾಡಿಗೆ ತಾನೇ ಒಂದು ರಾಜ್ಯ. ಊರಾಚೆಯ ಹಳ್ಳ ದಾಟಿದರೆ ಮೈಸೂರು ಸೀಮೆ. ಅಮ್ಮ ಹಳ್ಳದ ಆಚೆಯಿಂದ ಬಂದವಳು. ಎರಡೂ ಕಡೆಯವರು ಆಡುವ ಮಾತು ಒಂದೇ, ಕಟ್ಟುವ ಲಿಂಗವೂ ಒಂದೇ, ಆದರೂ ಸಾರಿಗೆ ಹುಳಿ ಒಂದು ಚೂರು ಜಾಸ್ತಿಯಾದರೆ ಅಜ್ಜಿ "ನಿಮ್ಮ ಮೈಸೂರು ಸೀಮೇಲಿ ಹಿಂಗೇನೋ" ಎನ್ನದೆ ಬಿಡುತ್ತಿರಲಿಲ್ಲ. ಊಟ ನಡುಮನೆಯಲ್ಲಿ. ಹೆಂಚುಗಳ ನಡುವೆ ಕೂರಿಸಿದ ಒಂದು ಗಾಜಿನಿಂದ ಅಲ್ಲಿಗೆ ಬೆಳಕು ಬೀಳುತ್ತಿತ್ತು. ಅಜ್ಜಿ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದು ಕೂತರೆ ಅವಳ ಮುಂದೆ ಮೂರು ಕಾಲಿನ ಹಿತ್ತಾಳೆ ಅಡ್ಡಣಿಗೆ, ಅದರ ಮೇಲೆ ತಟ್ಟೆ. ಅಪ್ಪನಿಗೂ ಒಂದು ಅಡ್ಡಣಿಗೆ. ನನ್ನ ತಟ್ಟೆ ನೆಲದ ಮೇಲೆ, ಆದರೆ ಅಜ್ಜಿಯ ಮಗ್ಗುಲಲ್ಲೇ. ಅವಳ ತುಪ್ಪದಲ್ಲಿ ಅರ್ಧ ನನ್ನ ಅನ್ನಕ್ಕೆ ಬೀಳುತ್ತಿತ್ತು. ಅಮ್ಮ ಬಡಿಸುವಳು. ನಾವೆಲ್ಲ ಎದ್ದು ಕೈ ತೊಳೆದ ಮೇಲೆ ನೆಲ ಸಾರಿಸಿ, ಅಪ್ಪ ಉಂಡ ತಟ್ಟೆಯನ್ನೇ ಎಳೆದುಕೊಂಡು ಒಲೆಯ ಪಕ್ಕ ಕೂರುವಳು. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ತಳದ ಅನ್ನ, ತಣ್ಣಗಾದ ಸಾರು. ಯಾರಾದರೂ ನೆಂಟರು ಬಂದ ದಿನ ಅದೂ ಇರುತ್ತಿರಲಿಲ್ಲ; ಅನ್ನ ಬಸಿದ ಗಂಜಿಗೆ ಉಪ್ಪು ಹಾಕಿಕೊಂಡು ಕುಡಿಯುವಳು. ಇದನ್ನು ಯಾರೂ ಅನ್ಯಾಯ ಅನ್ನುತ್ತಿರಲಿಲ್ಲ. ಅಜ್ಜಿ ಸೊಸೆಯಾಗಿದ್ದಾಗಲೂ ಹೀಗೇ ಉಂಡವಳು.

ನನ್ನ ನಂತರ ಹುಟ್ಟಿದ ಮಗು ಉಳಿದಿರಲಿಲ್ಲ. ಒಂದು ಹಿಡಿಯಷ್ಟಿತ್ತು, ಅಳುವುದಕ್ಕೂ ಶಕ್ತಿ ಇರಲಿಲ್ಲ, ವಾರ ಕಳೆಯುವುದರೊಳಗೆ ಹೋಯಿತು. ಹಿತ್ತಿಲಾಚೆ ಮಣ್ಣು ಮಾಡಿ ಬಂದರು. ಮರುವರ್ಷ ಅಮ್ಮ ಮತ್ತೆ ಬಸುರಿ. ಈ ಸಲ ಅಪ್ಪ ಅವಳನ್ನು ಗಾಡಿ ಕಟ್ಟಿಸಿ ಶನಿವಾರಸಂತೆಗೆ ಕರೆದುಕೊಂಡು ಹೋಗಿ, ಹೆರಿಗೆ ಮಾಡಿಸುವ ನರ್ಸಮ್ಮನಿಗೆ ತೋರಿಸಿದರು. ನಾನೂ ಹೋಗಿದ್ದೆ. ಆಕೆ ಮಲೆಯಾಳದ ಕಡೆಯವರು, ಕನ್ನಡವನ್ನು ಎಣಿಸಿ ಎಣಿಸಿ ಇಡುವವರ ಹಾಗೆ ಆಡುತ್ತಿದ್ದರು. ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅಪ್ಪನ ಕಡೆ ತಿರುಗಿದರು.

"ರಕ್ತವೇ ಇಲ್ಲ ಇವರಿಗೆ. ಮಗು ಎಲ್ಲಿಂದ ತಿನ್ನೋದು? ಬಿಸಿ ಅನ್ನ ಕೊಡಿ, ಹಾಲು ಕೊಡಿ. ಕಡೆಗೆ ಉಳಿದದ್ದಲ್ಲ ಕೇಳಿತಾ, ನೀವು ಉಣ್ಣುವಾಗ ಕೊಡಿ. ಇಲ್ಲದಿದ್ರೆ ಈ ಸಲ ಮಗು ಮಾತ್ರ ಅಲ್ಲ, ಇವರೂ ಹೋಗ್ತಾರೆ."

ಗಾಡಿಯಲ್ಲಿ ಬರುವಾಗ 'ಇವರೂ ಹೋಗ್ತಾರೆ' ಎಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅಮ್ಮನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಮನೆ ಬರುವ ತನಕ ಬಿಡಲಿಲ್ಲ. ಮನೆಗೆ ಬಂದು ಅಪ್ಪ ಅರ್ಧ ಮಾತು ಹೇಳಿದರು, ಅರ್ಧ ನುಂಗಿದರು.

"ಅವ್ವಾ, ಇವಳಿಗೆ ಹಾಲು ಕೊಡ್ಬೇಕಂತೆ."

"ಹಸ ಹಾಲು ಕಮ್ಮಿ ಮಾಡೈತೆ ಕಣ್ಲಾ. ಪೂಜೆಗೆ ಬೇಕು, ನಿನ್ ಕಾಫಿಗೆ ಬೇಕು, ಕೂಸಿಗೆ ಬೇಕು. ಉಳಿದ ದಿನ ನೋಡನ."

ಕೂಸು ಎಂದರೆ ನಾನು. ನೋಡನ ಎಂದರೆ ಅಜ್ಜಿಯ ಬಾಯಲ್ಲಿ ಇಲ್ಲ ಎಂದೇ ಅರ್ಥ. ಇಲ್ಲ ಎಂದು ಹೇಳಿದ ಅಪವಾದ ಮಾತ್ರ ಅವಳಿಗೆ ಬೇಡ. ಅಮ್ಮನಿಗೆ ನೀರು ಮಜ್ಜಿಗೆಯೇ ಗತಿಯಾಯಿತು.

ಅದೇ ಸುಮಾರಿಗೆ ಎಸ್ಟೇಟಿನ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟ. ಬಂಗಲೆಯ ಸಾಮಾನುಗಳನ್ನು ಒಬ್ಬೊಬ್ಬರು ಒಂದೊಂದು ಕೊಂಡರು. ಅಪ್ಪ ಕೊಂಡದ್ದು ಉದ್ದನೆಯ ಒಂದು ಊಟದ ಮೇಜು, ಎರಡು ಬೆಂಚು. ಎತ್ತಿನಗಾಡಿಯ ಮೇಲೆ ಕಾಲು ಮೇಲಾಗಿ ಮಲಗಿ ಬಂದ ಬೀಟೆ ಮರದ ಆ ಮೇಜನ್ನು ನೋಡಲು ಅರ್ಧ ಊರು ನೆರೆಯಿತು. ಅಪ್ಪನ ಉಪಾಯ ನನಗೆ ಎಷ್ಟೋ ವರ್ಷದ ಮೇಲೆ ಹೊಳೆಯಿತು. ಮೇಜಿನ ಮೇಲೆ ಎಲ್ಲ ಪಾತ್ರೆಗಳನ್ನೂ ನಡುವೆ ಇಟ್ಟು ತಮ್ಮಷ್ಟಕ್ಕೆ ತಾವೇ ಬಡಿಸಿಕೊಳ್ಳುತ್ತಾರೆ, ದೊರೆಯ ಮನೆಯಲ್ಲಿ ಹೆಂಗಸರೂ ಜೊತೆಗೇ ಕೂರುತ್ತಾರೆ. ಮೇಜು ಬಂದರೆ ಆ ಪದ್ಧತಿಯೂ ಅದರ ಬೆನ್ನಿಗೆ ಬರುತ್ತದೆ, ತಾನು ಬಾಯಿ ಬಿಡುವುದೇ ಬೇಕಾಗುವುದಿಲ್ಲ. ಅಂಗಳದಲ್ಲೇ ಗಾಡಿ ನಿಲ್ಲಿಸಿ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇದ್ರ ಮೇಲೆ ಆ ಬಿಳೀ ಜನ ಏನೇನ್ ಕಡಿದು ತಿಂದಿದಾರೋ ಏನೋ! ಒಳಗ್ ತಂದೀಯ ಜೋಕೆ. ನಾನು ತೊಳೀದೆ ಇದು ಹೊಸಲು ದಾಟಕೂಡ್ದು."

ತೊಳೆಯುವುದೆಂದರೆ ಅಜ್ಜಿಗೆ ಸುಮ್ಮನೆ ನೀರು ಚಿಮುಕಿಸುವುದಲ್ಲ. ಬಚ್ಚಲ ಹಂಡೆಗೆ ಉರಿ ಹಾಕಿಸಿದಳು. ಬೂದಿ, ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ, ಕುದಿಯುವ ನೀರನ್ನು ಕೊಡಗಟ್ಟಲೆ ಹೊಯ್ದಳು. ಹಬೆ ಎದ್ದು ಅವಳ ಮುಖವೇ ಕಾಣಿಸುತ್ತಿರಲಿಲ್ಲ. ಮರುದಿನ ಗಂಜಲ ಚಿಮುಕಿಸಿ ಇನ್ನೊಂದು ಸಲ. ಆಮೇಲೆ ಕಾಫಿ ಒಣಗಿಸುವ ಕಣದಲ್ಲಿ, ಹಣ್ಣು ಕೊಯ್ಯುವ ಪಿಕಿಂಗ್ ಕಾಲದ ಕಡು ಬಿಸಿಲಿಗೆ ಅದನ್ನು ಬಿಟ್ಟಳು. ಮೇಜು ಒಳಗೆ ಬಂದಾಗ ಅದರ ಹೊಳಪೆಲ್ಲ ಹೋಗಿ, ನೆನೆದು ಒಣಗಿದ ಎಮ್ಮೆಯ ಮೈಯಂತಾಗಿತ್ತು. ಒಳಗೆ ಬಂತಲ್ಲ, ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

ಉಪಾಯ ಫಲಿಸಿತು ಎಂದೇ ಹೇಳಬೇಕು. ಅಜ್ಜಿ ಬೆಂಚಿನ ಮೇಲೆ ಕಾಲು ಮಡಿಚಿ, ಅಡ್ಡಣಿಗೆಯನ್ನೂ ಮೇಜಿನ ಮೇಲೇ ಇಡಿಸಿಕೊಂಡು, ಎಲ್ಲರಿಗಿಂತ ಒಂದು ಗೇಣು ಎತ್ತರದಲ್ಲಿ ಉಂಡಳು. ಅವಳಿಗೆ ಮಂಡಿ ನೋವು. ನೆಲದಿಂದ ಏಳಬೇಕಾದರೆ ನನ್ನ ಹೆಗಲು ಹಿಡಿದು "ಶಿವಾ" ಎನ್ನಬೇಕಿತ್ತು. ಬೆಂಚಿನಿಂದ ಸುಮ್ಮನೆ ಎದ್ದುಬಿಡುತ್ತಿದ್ದಳು. ಅದು ತನಗೆ ಹಿತವಾಯಿತೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಿಗೆ ಹತ್ತಿರದ ತುದಿಯಲ್ಲಿ, ಬೆಂಚಿನ ಅಂಚಿಗೆ ಅರ್ಧ ಕೂತಳು. ಮೊದಲ ದಿನ ಅವಳಿಗೆ ನಾವು ನೋಡುತ್ತಿರುವಾಗ ಬಾಯಿಗೆ ತುತ್ತಿಡುವುದೇ ಬರಲಿಲ್ಲ. ಉಪ್ಪಿಗೆಂದು ಏಳುವಳು, ನೀರಿಗೆಂದು ಏಳುವಳು. ಅಪ್ಪ ತಲೆ ಎತ್ತದೆ "ಕೂತ್ಕೊ" ಎಂದರು. ಕೂತಳು. ಹೊಗೆಯಾಡುವ ಅನ್ನಕ್ಕೆ ಸಾರು ಹಾಕಿಕೊಂಡು, ಬೆರಳು ಸುಟ್ಟುಕೊಂಡು, ಊದಿ ಊದಿ ಉಂಡಳು. ಬಿಸಿ ಅನ್ನ ಉಣ್ಣುವುದನ್ನು ಅವಳು ಹೊಸದಾಗಿ ಕಲಿಯುತ್ತಿದ್ದಳು. ಹಾಲು ಮಾತ್ರ ಇನ್ನೂ ನೋಡನ ಎನ್ನುವಲ್ಲೇ ಇತ್ತು. ಆದರೂ ಸ್ವಲ್ಪ ದಿನದಲ್ಲೇ ಅವಳ ತುಟಿಗೆ ಬಣ್ಣ ಬಂತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ನಿಂತಿತು. ನಾನು ಊಟದ ಹೊತ್ತಿಗೆ ಅವಳನ್ನೇ ನೋಡುತ್ತಾ ನನ್ನ ತಟ್ಟೆ ಮರೆಯುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ನಡುವೆ ಮೇಜು ಫಟ್ ಎಂದು ಸದ್ದು ಮಾಡಿತು. ಎರಡು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡಿದ ಮೇಜು ಅದು. ಆ ಕೂಡು ತಲೆಯಿಂದ ಬುಡದವರೆಗೆ ಬಿಟ್ಟುಕೊಂಡಿತು. ಸಾರಿನ ಪಾತ್ರೆ ವಾಲಿ, ಸಾರೆಲ್ಲ ಆ ಬಿರುಕಿನಲ್ಲಿ ಇಳಿದು ನೇರ ಅಜ್ಜಿಯ ಮಡಿಲಿಗೆ ಬಿತ್ತು. ನಾನು ನಕ್ಕೆ. ಅಪ್ಪನೂ ನಗು ತಡೆದುಕೊಂಡರು. ಅಮ್ಮ ಮಾತ್ರ ನಗಲಿಲ್ಲ. ಅವಳು ಬಿರುಕನ್ನೇ ನೋಡುತ್ತಿದ್ದಳು. ತುತ್ತು ಹಿಡಿದ ಕೈ ಹಾಗೇ ನಿಂತಿತ್ತು. ಆ ರಾತ್ರಿಯ ಊಟಕ್ಕೆ ಎಲ್ಲರೂ ಮತ್ತೆ ನೆಲಕ್ಕೆ ಇಳಿದೆವು, ಅಮ್ಮ ಮತ್ತೆ ಒಲೆಯ ಪಕ್ಕಕ್ಕೆ ಹೋದಳು. ಹೋಗು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕೂತುಕೋ ಎಂದೂ ಯಾರೂ ಹೇಳಲಿಲ್ಲ.

ಮೇಜು ಸರಿಯಾದರೆ ಅಮ್ಮ ಬದುಕುತ್ತಾಳೆ ಎಂದು ನಾನು ನಂಬಿದ್ದೆ. ದಿನಾ ಅಪ್ಪನ ಬೆನ್ನು ಹತ್ತಿದೆ. ಕೊನೆಗೆ ಅವರು ಕಾಳಾಚಾರಿಯನ್ನು ಕರೆತಂದರು. ನಮ್ಮ ಕಡೆ ನೇಗಿಲು, ಬಾಗಿಲು ಮಾಡುವ ಆಚಾರಿ, ಮಾತು ಸ್ವಲ್ಪ ಜಾಸ್ತಿ. ಅಂಗಳದಲ್ಲಿ ಮೇಜನ್ನು ಬೋರಲು ಹಾಕಿ, ಬಿರುಕಿನ ಒಳಗೆ ಉಗುರು ಆಡಿಸಿ, ಬೆಲ್ಲದ ಚೂರಿನಂಥ ಕಂದು ಬಣ್ಣದ್ದನ್ನು ಕೆರೆದು ತೋರಿಸಿದ.

"ಮರದ್ದೇನೂ ತಪ್ಪಿಲ್ಲ ರೈಟ್ರೇ. ಕುದಿಯೋ ನೀರು ಹುಯ್ದಿದೀರ, ಅಂಟು ಕರಗೋಗೈತೆ. ಹಳೇದೆಲ್ಲ ಕೆರೆದು ಹೊಸ ಮರವಜ್ರದ ಅಂಟು ಕಾಯಿಸಿ ಹಚ್ಬೇಕು. ಹಳೇದ್ರ ಮೇಲೇ ಹಚ್ಚಿದ್ರೆ ಹಿಡಿಯಾಕಿಲ್ಲ. ಅವ್ವಾರೆ, ಒಂದೊಲೆ ಕೊಡಿ, ಸಂಜೆಗೆ ಕೂರಿಸ್ತೀನಿ."

"ಅದನ್ನ ಯಾತರಲ್ಲಿ ಮಾಡ್ತಾರೆ?" ಅಜ್ಜಿ ಕೇಳಿದಳು.

"ಇನ್ಯಾತರಲ್ಲಿ ಅವ್ವಾರೆ? ದನದ ಚರ್ಮ, ಗೊರಸು, ಮೂಳೆ ಎಲ್ಲ ಬೇಯಿಸಿ..."

ಅಜ್ಜಿಯ ಮುಖ ಕಪ್ಪಿಟ್ಟಿತು. ಅಷ್ಟು ದಿನ ಪೂಜೆ ಮುಗಿಸಿ ಬಂದು ಅವಳು ಉಂಡದ್ದು ಅದರ ಮೇಲೆ. ಮೈಲಿಗೆ ಹೋಗಲೆಂದು ಸುರಿದ ಬಿಸಿನೀರೇ ಒಳಗಿದ್ದ ಚರ್ಮದ ಅಂಟನ್ನು ಹೊರಕ್ಕೆ ಎಬ್ಬಿಸಿತ್ತು. ಸೀದಾ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದಳು, ಒದ್ದೆ ಸೀರೆಯಲ್ಲೇ ಅಪ್ಪನ ಮುಂದೆ ನಿಂತಳು.

"ಗೊತ್ತಿದ್ದೂ ತಂದ್ಯೇನ್ಲಾ?"

"ಇಲ್ಲ ಅವ್ವಾ, ನಿನ್ನಾಣೆ."

"ನನ್ ಒಲೆ ಮೇಲೆ ಚರ್ಮ ಬೇಯಿಸಿದ್ರೆ ನಾನು ಈ ಮನೇಲಿ ನೀರು ಮುಟ್ಟಲ್ಲ, ಕೇಳ್ಕೊ."

ಅಪ್ಪ ಬೆವರು ಒರೆಸಿಕೊಂಡು ಆಚಾರಿಯ ಕಡೆ ತಿರುಗಿ, ಬೇರೆ ಯಾವ ಅಂಟೂ ಇಲ್ಲವೇ ಎಂದು ಕೇಳಿದರು. ಇದೆ, ಎಂದ ಆಚಾರಿ. ಕೆನೆ ತೆಗೆದ ಹಾಲನ್ನು ಒಡೆಸಿ, ಗಟ್ಟಿಯನ್ನು ಬಟ್ಟೆಯಲ್ಲಿ ಹಿಂಡಿ, ಸುಣ್ಣದ ಜೊತೆ ನುಣ್ಣಗೆ ಅರೆದರೆ ಅದೂ ಹಿಡಿಯುತ್ತದೆ, ಬಿಸಿನೀರಿಗೂ ಬೇಗ ಬಿಡುವುದಿಲ್ಲ. ಆದರೆ ಅಷ್ಟುದ್ದದ ಮೇಜಿಗೆ ಒಂದು ದೊಡ್ಡ ಚೊಂಬು ಹಾಲಾದರೂ ಬೇಕು. ಬೇಕೆಂದೇ ಹಾಲು ಒಡೆಸುವುದು ನಮ್ಮಲ್ಲಿ ಅಪಶಕುನ. ಅಜ್ಜಿ ಒಪ್ಪುವುದಿಲ್ಲ ಎಂದುಕೊಂಡೆ. ಅವಳು ಮೇಜನ್ನು ನೋಡಿದಳು, ಬೆಂಚನ್ನು ನೋಡಿದಳು, ಮಂಡಿ ನೀವಿಕೊಂಡಳು.

"ಹಾಲಾದ್ರೆ ಆಗ್ಲಿ. ಹೆಂಗೂ ಕೂಸಿಗೆ ಕೆನೆ ಆಯ್ತದೆ. ಇವತ್ತು ಸಂಜೆ ಹಾಲು ಅಷ್ಟೂ ಮೇಜಿಗೆ ಇಡಿ."

ಅಪ್ಪನ ಮುಖ ಅರಳಿತು. ನಾನೂ ಕುಣಿದೆ. ಆ ಕ್ಷಣಕ್ಕೆ ನಮ್ಮಿಬ್ಬರಿಗೂ ಇದರಲ್ಲಿ ಏನೂ ವಿಚಿತ್ರ ಕಾಣಿಸಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕಾಳಾಚಾರಿ ಎರಡು ಹಲಗೆಗಳ ಅಂಚನ್ನೂ ಕೆರೆದು, ಅಂಟು ಹಚ್ಚುವ ಮೊದಲೇ ಒಮ್ಮೆ ಜೋಡಿಸಿ ನೋಡಿ, ಬಿಗಿಯಲು ಹಗ್ಗ, ಬೆಣೆ ಎಲ್ಲ ಸಿದ್ಧ ಮಾಡಿಕೊಂಡ. ಕರಟದಲ್ಲಿ ಸುಣ್ಣ ಇತ್ತು. ರಾತ್ರಿಯಿಡೀ ಇಟ್ಟ ಹಾಲಿನ ಕೆನೆಯನ್ನು ಅಜ್ಜಿ ತಾನೇ ತೆಗೆದು ನನಗೆಂದು ಬಟ್ಟಲಲ್ಲಿ ಇಟ್ಟಳು. ಅಮ್ಮ ಹಾಲನ್ನು ಉಗುರುಬೆಚ್ಚಗೆ ಮಾಡಿ ಹೆರಳೆಕಾಯಿ ಹಿಂಡಬೇಕಿತ್ತು. ಹೊತ್ತಾಯಿತೆಂದು ಆಚಾರಿ ಅಡುಗೆಮನೆಯ ಹೊರಬಾಗಿಲಿಗೆ ಬಂದು ಇಣುಕಿದ.

"ಒಡೀತೇನ್ರವ್ವಾ ಹಾಲು?"

ಅವನ ಹಿಂದೆ ಅಪ್ಪ ಬಂದರು. ಒಳಬಾಗಿಲಲ್ಲಿ ಅಜ್ಜಿ, ಅವಳ ಪಕ್ಕ ನಾನು. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಅವಳ ಒಂದು ಕೈಯಲ್ಲಿ ಹೆಚ್ಚಿದ ಹೆರಳೆಕಾಯಿ, ಮುಂದೆ ಹಾಲಿನ ಚೊಂಬು. ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ಅವಳು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಹೆರಳೆಕಾಯಿಯನ್ನು ಕೆಳಗಿಟ್ಟಳು. ಚೊಂಬನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟುಕೊಂಡಳು.

ಎಷ್ಟು ಹೊತ್ತು ಕುಡಿದಳೋ! ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ನಡುವೆ ಒಮ್ಮೆ ಉಸಿರು ತೆಗೆದುಕೊಂಡಳು, ಮತ್ತೆ ಎತ್ತಿದಳು. ಹಾಲು ಬಾಯಿಯ ಎರಡು ಕಡೆಯಿಂದ ಇಳಿದು ಕುತ್ತಿಗೆ, ಲಿಂಗದ ಕರಡಿಗೆಯ ದಾರ ಎಲ್ಲ ಒದ್ದೆಯಾಯಿತು. ಚೊಂಬನ್ನು ಬೋರಲು ಹಾಕಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಏನೇ ಮಾಡ್ದೆ ನೀನು?" ಅಜ್ಜಿಯ ದನಿಯೇ ಬದಲಾಗಿತ್ತು. "ಮೇಜಿಗೆ ಇಟ್ಟಿದ್ದಲ್ವೇನೇ ಅದು?"

"ಮೇಜು ಬಸುರಿ ಅಲ್ಲ ಅತ್ತೆ."

ಕಾಳಾಚಾರಿ ಕರಟ, ಹಗ್ಗ ಎತ್ತಿಕೊಂಡು, ಇನ್ನೊಂದು ದಿನ ಬರುತ್ತೇನೆಂದು ಹೊರಟುಹೋದ. ಅಷ್ಟು ಮಾತಿನ ಮನುಷ್ಯ ಆ ದಿನ ಹೋಗುವಾಗ ಒಂದು ಎಲೆ ಅಡಿಕೆ ಕೂಡ ಕೇಳಲಿಲ್ಲ. ಅಜ್ಜಿ ದೇವರ ಮುಂದೆ ಕೂತವಳು ಮಧ್ಯಾಹ್ನದ ತನಕ ಏಳಲಿಲ್ಲ. ಅಪ್ಪ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಗದರಿದರು.

"ಹೊರಗಿನೋರ ಮುಂದೆ ನನ್ ಮಾನ ಕಳೆದ್ಯಲ್ಲೇ. ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರ?"

ಅಮ್ಮ ಊಟದ ಹೊತ್ತಿಗೆ ನಡುಮನೆಯ ನೆಲದ ಮೇಲೆ ಅಪ್ಪನ ತಟ್ಟೆ ಇಟ್ಟಳು, ನನ್ನದು ಇಟ್ಟಳು, ಇನ್ನೊಂದು ತಟ್ಟೆ ತಂದು ಇಟ್ಟು, ತನಗೂ ಬಡಿಸಿಕೊಂಡು ಕೂತಳು. ಅದಕ್ಕೆ ಮೇಜು ಬೇಕಿರಲಿಲ್ಲ, ಯಾರ ಮಾತೂ ಬೇಕಿರಲಿಲ್ಲ. ಅಪ್ಪ ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ. ಅಮ್ಮ ಉಂಡಳು. ನನಗೆ ಹೆದರಿಕೆಯಾಗಿ ಅಳು ಬಂತು. ಅವಳು ಅಳಬೇಡ ಎನ್ನಲಿಲ್ಲ, ಉಣ್ಣು ಎಂದಳು.

ಅಲ್ಲಿಂದ ಎಲ್ಲ ನೆಟ್ಟಗಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಜ್ಜಿ ಅಮ್ಮನ ಜೊತೆ ಎಷ್ಟೋ ದಿನ ಮಾತು ಬಿಟ್ಟಳು. ಏನು ಬೇಕಾದರೂ ನನ್ನ ಮೂಲಕ ಹೇಳಿಸುವಳು. ಸೊಸೆಯ ಎದುರು ಕೂರಬಾರದೆಂದು ತಾನು ಮುಂಚೆಯೇ ಒಬ್ಬಳೇ ಉಂಡು ಏಳುವಳು. ಅಪ್ಪನ ಮನಸ್ಸಿನಲ್ಲಿ ಅಂದಿನ ಅವಮಾನ ಉಳಿದೇ ಉಳಿಯಿತು. ಆ ತಿಂಗಳುಗಳಲ್ಲಿ ಮನೆಯಲ್ಲಿ ಪಾತ್ರೆ ಇಡುವ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಆದರೆ ಒಂದು ಬೆಳಿಗ್ಗೆ ಅಜ್ಜಿ ಹಾಲು ಕರೆದು ತಂದವಳು, ಕಾಯಿಸಿ, ಒಂದು ಲೋಟ ತುಂಬಿ, ಅಮ್ಮ ರೊಟ್ಟಿ ತಟ್ಟುತ್ತಿದ್ದಲ್ಲಿಗೆ ತಂದು ಕುಕ್ಕಿ, ಹಸುವನ್ನು ಬೈಯುತ್ತಾ ಹೊರಟುಹೋದಳು. ಆ ಲೋಟ ಆಮೇಲೆ ಒಂದು ದಿನವೂ ತಪ್ಪಲಿಲ್ಲ. ತಮ್ಮ ಹುಟ್ಟಿದಾಗ ಅವನ ಅಳು ಬೀದಿಗೆ ಕೇಳಿಸಿತು. ಅಮ್ಮನೂ ಉಳಿದಳು. ನೋಡಲು ಬಂದ ಹೆಂಗಸರಿಗೆ ಅಜ್ಜಿ ಅವನನ್ನು ಎತ್ತಿ ತೋರಿಸಿ "ಮೇಜಿನ ಹಾಲು ಕುಡಿದು ಹುಟ್ಟಿದ ಗಂಡು" ಎನ್ನುತ್ತಿದ್ದಳು. ಅದು ಚುಚ್ಚುಮಾತೋ ಹೆಮ್ಮೆಯೋ ನನಗೆ ಗೊತ್ತಾಗಲಿಲ್ಲ, ಬಹುಶಃ ಅವಳಿಗೂ ಗೊತ್ತಿರಲಿಲ್ಲ. ಇವತ್ತಿಗೂ ಯಾರ ಮನೆಗೇ ಹೋಗಲಿ, ಅಡುಗೆ ಮಾಡಿದವರು ಬಂದು ಕೂರುವ ತನಕ ನಾನು ತುತ್ತು ಎತ್ತುವುದಿಲ್ಲ. ನನ್ನ ಮಕ್ಕಳು ಇದನ್ನು ಅಜ್ಜಿಯಿಂದ ಬಂದ ಹಟ ಎಂದು ನಗುತ್ತಾರೆ. ನನ್ನ ಅಜ್ಜಿಯದೋ ಅವರ ಅಜ್ಜಿಯದೋ ಎಂದು ನಾನು ಬಿಡಿಸಿ ಹೇಳುವುದಿಲ್ಲ.

ಬಿರುಕು ಬಿಟ್ಟ ಮೇಜು ನಡುಮನೆಯಲ್ಲೇ ಉಳಿಯಿತು. ತಮ್ಮ ಅದರ ಕೆಳಗೆ ಕೂತು ಸಂದಿಯಲ್ಲಿ ಕಡ್ಡಿ ತೂರಿಸಿ ಆಡುತ್ತಿದ್ದ. ಅಪ್ಪ ಆಗಾಗ ಅದರ ಮೇಲೆ ಕೈಯಾಡಿಸಿ, ಆಚಾರಿಗೆ ಹೇಳಿ ಕಳಿಸೋಣವೇ, ಒಂದು ಚೊಂಬು ಹಾಲಿನ ಮಾತು, ಎನ್ನುತ್ತಿದ್ದರು. ಅಮ್ಮ ತಲೆ ಎತ್ತದೆ ಒಂದೇ ಉತ್ತರ ಕೊಡುತ್ತಿದ್ದಳು.

"ಉಳಿದ ದಿನ ನೋಡನ."

ನಮ್ಮ ಮನೆಯಲ್ಲಿ ಹಾಲು ಉಳಿದ ದಿನ ಬರಲೇ ಇಲ್ಲ.